ಓಬಕ್ಕನ ಎಲೆ, ಶ್ರೀವಾಣಿಯ ‘ಹಗುರ’

ನಾನು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವನು. ನನ್ನ ಹೆಂಡತಿ ಶ್ರೀವಾಣಿ ಕಂಪ್ಯೂಟರಿನ ಮುಂದೆ ಕೂತು ವೆಬ್‌ಸೈಟುಗಳಿಗೆ ಸೀರೆ ಉಡಿಸುವವಳು. ನನ್ನ ಸೀರೆ ಕೈಗೆತ್ತಿಕೊಂಡವರು ಮೊದಲು ತೂಕ ನೋಡುತ್ತಾರೆ. ತೂಕ ಇದ್ದರೆ ಮುಖ ಅರಳುತ್ತದೆ, ಹಗುರ ಅನ್ನಿಸಿದರೆ ಮೂಗು ಮುರಿಯುತ್ತಾರೆ. ಅವಳ ಕಸುಬು ಇದಕ್ಕೆ ತದ್ವಿರುದ್ಧ. ಪುಟದ ತೂಕ ಹೆಚ್ಚಾದರೆ ಅದು ಬೇಗ ತೆರೆಯುವುದಿಲ್ಲ, ಅವಳ ಮುಖ ಸಪ್ಪಗಾಗುತ್ತದೆ. ಒಂದೇ ಸೂರಿನ ಕೆಳಗೆ ಇಂಥ ಎರಡು ತಕ್ಕಡಿ ಇಟ್ಟುಕೊಂಡು ಸಂಸಾರ ಮಾಡುವ ಕಷ್ಟ ನಾಲ್ಕು ಜನಕ್ಕೆ ತಿಳಿಯಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಶ್ರೀವಾಣಿ ಚಳ್ಳಕೆರೆಯ ಹುಡುಗಿ. ಮದುವೆಗೆ ಮುಂಚೆ ಅಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ರಾಂಪುರದ ಬೀಜ-ಗೊಬ್ಬರದ ಅಂಗಡಿಗೆ, ಅವಳ ಊರಿನ ಎಣ್ಣೆ ಮಿಲ್ಲಿಗೆ, ಹೀಗೆ ಸುತ್ತಮುತ್ತಲಿನವರಿಗೆ ವೆಬ್‌ಸೈಟ್ ಮಾಡಿಕೊಡತೊಡಗಿದಳು. ಬಣ್ಣ ಯಾವುದು, ಅಂಚು ಎಷ್ಟು ದಪ್ಪ, ಯಾವ ಅಕ್ಷರ ಎಲ್ಲಿ ಕೂರಬೇಕು ಅಂತ ಪ್ರತಿಯೊಂದಕ್ಕೂ ಬರೆಯಬೇಕು. ಆ ಬರವಣಿಗೆಗೆ ಸಿಎಸ್‌ಎಸ್ ಅನ್ನುತ್ತಾರೆ. ಬರೆದದ್ದನ್ನೇ ಬರೆದು ಬೇಜಾರಾಗಿ, ಎಲ್ಲವನ್ನೂ ಒಂದು ಸಲ ಚೊಕ್ಕವಾಗಿ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಇಂಟರ್‌ನೆಟ್ಟಿನಲ್ಲಿ ಬಿಟ್ಟಳು. ಅದಕ್ಕೆ ಫ್ರೇಮ್‌ವರ್ಕ್ ಅಂತ ಹೆಸರು. ನಮ್ಮ ಜಕಾರ್ಡ್ ಮಗ್ಗದ ತೂತು ಹೊಡೆದ ಕಾರ್ಡುಗಳಿದ್ದ ಹಾಗೆ. ಒಂದು ಸಲ ಹೊಡೆದಿಟ್ಟರೆ ಯಾರ ಮಗ್ಗಕ್ಕೆ ಹಾಕಿದರೂ ಸೀರೆಯ ಮೇಲೆ ಅದೇ ಬುಟ್ಟಾ, ಅದೇ ಹೂವು ಬೀಳುತ್ತದೆ.

ಅದಕ್ಕವಳು ‘ಹಗುರ’ ಅಂತ ಹೆಸರಿಟ್ಟಳು. ನಾನು ಬೇಡ ಅಂದೆ. ಹಗುರ ಅಂತ ಕೂಗಿ ಮಾರಿದರೆ ನಮ್ಮೂರಲ್ಲಿ ಯಾರೂ ಹತ್ತಿರ ಸುಳಿಯುವುದಿಲ್ಲ. ಅವಳು ಕೇಳಲಿಲ್ಲ. ಅದಲ್ಲದೆ ಅದರ ಪುಟದ ನೆತ್ತಿಯ ಮೇಲೇ ಒಂದು ಮಾತು ಬರೆದಳು: ‘ನಮ್ಮ ಅತ್ತೆಯ ಫೋನಿನಲ್ಲಿ ತೆರೆಯದ್ದನ್ನು ನಾನು ಬಿಡುಗಡೆ ಮಾಡುವುದಿಲ್ಲ.’

ಅತ್ತೆ ಅಂದರೆ ನನ್ನ ಅಮ್ಮ, ಓಬಕ್ಕ. ಅವಳ ಫೋನು ಹಳೇದು, ಮೂಲೆಯಲ್ಲಿ ಒಡೆದದ್ದು. ನಮ್ಮ ಮಗ್ಗದ ಕೋಣೆಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಶ್ರೀವಾಣಿ ಏನಾದರೂ ಹೊಸದು ಸೇರಿಸಿದಾಗಲೆಲ್ಲ ಅಮ್ಮ ಅಲ್ಲಿ ಕೂತು ‘ಹಗುರ’ ಹಾಕಿದ ಒಂದು ಪುಟವನ್ನು ಫೋನಿನಲ್ಲಿ ಒತ್ತಬೇಕು, ಒತ್ತಿದ ಕೂಡಲೇ ಎಲೆ-ಅಡಿಕೆ ಶುರು ಮಾಡಬೇಕು. ತೊಟ್ಟು ಮುರಿದು, ಎಲೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕುವುದರೊಳಗೆ ಪುಟ ತೆರೆದರೆ ಪಾಸು. ಎಲೆ ಮೊದಲು ಬಾಯಿಗೆ ಹೋದರೆ ಫೇಲು. ಈ ನಿಯಮ ಅತ್ತೆ-ಸೊಸೆ ಸೇರಿ ಮಾಡಿಕೊಂಡದ್ದು, ನನ್ನನ್ನು ಯಾರೂ ಕೇಳಿರಲಿಲ್ಲ.

ಎಲ್ಲ ನೆಟ್ಟಗೆ ನಡೆಯುತ್ತಿತ್ತು. ಅಷ್ಟರಲ್ಲಿ ಎಲ್ಲಿಯವನೋ ಒಬ್ಬ ಪುಣ್ಯಾತ್ಮ ‘ಹಗುರ’ದ ಕೆಳಗೆ ಷರಾ ಬರೆದ: ಬೋಳುಬೋಳಾಗಿದೆ, ಕಣ್ಣಿಗೆ ಹಬ್ಬವೇ ಇಲ್ಲ. ಶ್ರೀವಾಣಿ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಮಾರನೇ ದಿನದಿಂದ ಹೊಸ ಆವೃತ್ತಿಗೆ ಕೂತಳು. ಚೌಕಗಳಿಗೆ ನೆರಳು ಬಂತು. ಪಕ್ಕದಿಂದ ಜಾರಿ ಬರುವ ಪಟ್ಟಿ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಗುಂಡುಗುಂಡಾದ, ಮುದ್ದಾದ ಕನ್ನಡ ಅಕ್ಷರ ಬಂತು. ಆ ಅಕ್ಷರದ ಫೈಲೊಂದೇ ಮಿಕ್ಕಿದ್ದೆಲ್ಲ ಸೇರಿದರೂ ಮೀರಿಸುವಷ್ಟು ಭಾರ. ನನಗಂತೂ ಖುಷಿಯಾಯಿತು.

“ಈಗ ನೋಡು, ಸೀರೆಗೆ ತೂಕ ಬಂತು,” ಅಂದೆ.

ಅವಳು ಗುರಾಯಿಸಿ ನೋಡಿದಳು.

ಪರೀಕ್ಷೆಯ ದಿನ ಅಮ್ಮ ಫೋನು ಒತ್ತಿ ಎಲೆ ಕೈಗೆತ್ತಿಕೊಂಡಳು. ಸೆರಗಿನಲ್ಲಿ ಒರೆಸಿದಳು. ತಿರುಗಿಸಿ ಒರೆಸಿದಳು. ಮತ್ತೆ ಮೊದಲಿನ ಮಗ್ಗುಲಿಗೆ ಬಂದಳು. ಸುಣ್ಣದ ಡಬ್ಬಿಯ ಮುಚ್ಚಳ ಯಾಕೋ ಬರಲಿಲ್ಲ. ಅಡಿಕೆ ಆರಿಸುವುದೇ ಒಂದು ಕೆಲಸವಾಯಿತು. ಕೊನೆಗೆ ಪುಟ ತೆರೆಯಿತು, ಎಲೆ ಆಮೇಲೆ ಬಾಯಿಗೆ ಹೋಯಿತು.

“ಪಾಸು ಕಣಮ್ಮಾಯಿ!” ಅಂದಳು ಅಮ್ಮ. ನಮ್ಮದು ತೆಲುಗು ಮನೆ, ಸೊಸೆಯನ್ನು ಅವಳು ಕರೆಯುವುದೇ ಅಮ್ಮಾಯಿ, ಅಂದರೆ ಹುಡುಗಿ, ಅಂತ. ಶ್ರೀವಾಣಿ ಕುಣಿದಾಡಿಬಿಟ್ಟಳು. ಅವತ್ತೇ ಬಿಡುಗಡೆಯೂ ಆಯಿತು. ‘ಹಗುರ’ ಬಳಸುತ್ತಿದ್ದ ಸೈಟುಗಳೆಲ್ಲ ತಾವಾಗಿಯೇ ಹೊಸ ಸೀರೆ ಉಟ್ಟುಕೊಂಡವು.

ಮಾರನೇ ಬೆಳಿಗ್ಗೆ ಕೆಂಚಕ್ಕನ ಫೋನು. ಕೆಂಚಕ್ಕ ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿನ ಅಂಚಿನ ಹಳ್ಳಿಯವಳು. ಗಂಡ ಕುರಿ ಮೇಯಿಸುತ್ತಾನೆ, ಇವಳು ಕರಿ ಕಂಬಳಿ ಮಾರುತ್ತಾಳೆ. ಶ್ರೀವಾಣಿ ಮಾಡಿಕೊಟ್ಟ ಒಂದು ಪುಟವೇ ಅವಳ ಅಂಗಡಿ. ಅವಳದ್ದೂ ಅಮ್ಮನದ್ದೂ ಒಂದೇ ಕಾಲದ ಫೋನು.

“ಅಕ್ಕಾ, ನನ್ನ ಅಂಗಡಿ ಬಾಗ್ಲೇ ತೆಗೀತಿಲ್ಲ ಕಣಕ್ಕ. ತಗಳ್ಳೋರು ಫೋನ್ ಮಾಡಿ ಏನೂ ಕಾಣ್ತಿಲ್ಲ ಅಂತಾರೆ. ನನ್ನ ಫೋನಾಗೂ ಬರೀ ಬೆಳ್ಳಗೈತೆ. ಕರೀ ಕಂಬ್ಳಿ ಮಾರೋಳು ನಾನು, ಇದೇನಕ್ಕ ಬಿಳೀದು ತೋರುಸ್ತೈತೆ?”

ಶ್ರೀವಾಣಿಯ ಮುಖ ಇಳಿದುಹೋಯಿತು. ಆ ಭಾರದ ಅಕ್ಷರ ಬಂದು ಇಳಿಯುವವರೆಗೆ ಪುಟ ಖಾಲಿ ಕೂತಿತ್ತು; ಜನ ಅಷ್ಟು ಹೊತ್ತು ಕಾಯದೆ ಹೋಗುತ್ತಿದ್ದರು. ತಕ್ಷಣ ಹಳೇ ಆವೃತ್ತಿಯನ್ನೇ ವಾಪಸ್ ಹಾಕಿದಳು, ಕೆಂಚಕ್ಕನ ಬಾಗಿಲು ತೆರೆಯಿತು. ಆದರೆ ಇವಳ ತಲೆ ಬಿಸಿ ಆರಲಿಲ್ಲ. ಕೊಟ್ಟ ಮಾತು ಹೋಗಿತ್ತಲ್ಲ.

“ಅತ್ತಮ್ಮನ ಫೋನಲ್ಲಿ ಪಾಸಾಗಿದ್ದು ಅವಳದ್ದರಲ್ಲಿ ಹೆಂಗೆ ಫೇಲಾಯ್ತು?” ಅಂತ ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು.

ನಾನು ಮಗ್ಗದಲ್ಲಿ ಕೂತವನು ಸುಮ್ಮನಿರಬೇಕಿತ್ತು. “ನಿನ್ನೆ ಅಮ್ಮ ಎಲೆ ಒರೆಸಿದ್ದು ನೋಡಿದ್ರೆ ಹಿತ್ತಾಳೆ ಚೊಂಬು ಬೆಳಗ್ತಿದ್ದಂಗಿತ್ತು,” ಅಂದೆ.

ಅಮ್ಮ ಮೊದಲು ನನಗೆ ತೆಲುಗಿನಲ್ಲಿ ಚೆನ್ನಾಗಿ ಉಗಿದಳು. ನಮ್ಮ ಮನೆಯಲ್ಲಿ ಬೈಗುಳಕ್ಕೆ ತೆಲುಗು, ಸಮಾಧಾನಕ್ಕೆ ಕನ್ನಡ. ಆಮೇಲೆ ಸೊಸೆಯ ಕಡೆ ತಿರುಗಿದಳು.

“ಊಟ-ನಿದ್ದೆ ಬಿಟ್ಟು ನೀನು ಮಾಡಿದ್ದೆ ಕಣಮ್ಮಾಯಿ. ಫೇಲು ಅಂತ ಹೇಳಿ ನಿನ್ನ ಮಕ ನೋಡಾಕೆ ನನ್ನ ಕೈಲಾಗ್ತಿರ್ಲಿಲ್ಲ. ಅದಕ್ಕೇ ಎಲೇನ ಒಂಚೂರು ನಿಧಾನ ಮಾಡ್ದೆ.”

ಶ್ರೀವಾಣಿ ಅಮ್ಮನ ಕೈ ಹಿಡಿದು, “ಅತ್ತಮ್ಮಾ, ಇನ್ಮೇಲೆ ನನ್ನ ಮುಖ ನೋಡ್ಬೇಡ್ರಿ. ಎಲೆ ನೋಡ್ರಿ,” ಅಂದಳು. ಆ ಹೊತ್ತಿನಲ್ಲಿ ಇಬ್ಬರ ಮೇಲೂ ನನಗೆ ಉಕ್ಕಿ ಬಂದ ಪ್ರೀತಿಯನ್ನು ಇಲ್ಲಿ ಬರೆದುಬಿಡುತ್ತೇನೆ, ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ.

ಹೊಸ ಆವೃತ್ತಿಯ ಮೇಲೆ ಕತ್ತರಿ ಆಡಿತು. ನೆರಳು ಹೋಯಿತು. ಜಾರುವ ಪಟ್ಟಿ ಹೋಯಿತು. ಅಮ್ಮ ಈಗ ಎಷ್ಟು ಖಡಕ್ಕಾದಳೆಂದರೆ ಫೋನು ಒತ್ತಿದವಳೇ ಬರೀ ಎಲೆಯನ್ನು ಬಾಯಿಗೆ ತುರುಕಿಕೊಂಡು “ಫೇಲು!” ಅಂದುಬಿಟ್ಟಳು.

“ಸುಣ್ಣ ಎಲ್ಲಿ ಅತ್ತಮ್ಮಾ? ಅಡಿಕೆ?”

“ಅದನ್ನೆಲ್ಲ ಹಾಕ್ತಾ ಕುಂತ್ರೆ ಪಾಸಾಗಿ ಬಿಡ್ತೈತಲ್ಲ!”

ಕೊನೆಗೆ ನನ್ನನ್ನು ಅಂಪೈರ್ ಮಾಡಿದರು. ಒಂದೊಂದು ಮಗ್ಗುಲಿಗೆ ಒಂದೇ ಸಲ ಒರೆಸಬೇಕು, ಸುಣ್ಣ ಅಡಿಕೆ ಎರಡೂ ಇರಲೇಬೇಕು ಅಂತ ತೀರ್ಪು ಕೊಟ್ಟೆ. ಮುದ್ದಾದ ಆ ಅಕ್ಷರವನ್ನು ಮಾತ್ರ ಬಿಡಲು ಶ್ರೀವಾಣಿಗೆ ಮನಸ್ಸೇ ಬರಲಿಲ್ಲ. ಎರಡು ದಿನ ಅದನ್ನು ನೋಡುತ್ತಾ ಕೂತಿದ್ದಳು. ಆಮೇಲೆ, ಫೋನಿನಲ್ಲಿ ಇರುವ ಅಕ್ಷರವೇ ಸಾಕು, ಇದು ಬೇಕಾದವರು ಬೇರೆಯಾಗಿ ಹಾಕಿಕೊಳ್ಳಲಿ ಅಂತ ತೆಗೆದಿಟ್ಟಳು. ಹೊಸದರಲ್ಲಿ ಉಳಿದದ್ದು ಒಂದು ಜೋಡಿಗೆರೆಯ ಅಂಚು ಮಾತ್ರ. ಅದಕ್ಕೆ ತೂಕವಿಲ್ಲ.

ಮತ್ತೆ ಪರೀಕ್ಷೆಯ ದಿನ ನಾನು ಮಗ್ಗ ನಿಲ್ಲಿಸಿ ಪಕ್ಕದಲ್ಲೇ ನಿಂತೆ. ಈ ಸಲ ಪರೀಕ್ಷೆಗೆ ಕೆಂಚಕ್ಕನ ಪುಟವನ್ನೇ ಇಟ್ಟಿದ್ದರು. ಅಮ್ಮ ಫೋನು ಒತ್ತಿದಳು. ಈ ಮಗ್ಗುಲು ಒರೆಸಿದಳು, ಆ ಮಗ್ಗುಲು ಒರೆಸಿದಳು, ಬೆರಳಲ್ಲಿ ಸುಣ್ಣ ಸವರಿದಳು. ಅಡಿಕೆಗೆ ಕೈ ಹಾಕುವಷ್ಟರಲ್ಲಿ ಕೆಂಚಕ್ಕನ ಕರಿ ಕಂಬಳಿ ಜೋಡಿ ಅಂಚಿನೊಳಗೆ ಬಂದು ಕೂತಿತ್ತು.

“ಏನಪ್ಪಾ ಅಂಪೈರು?” ಅಂದಳು ಅಮ್ಮ.

“ಪಾಸು,” ಅಂದೆ.

ಅಮ್ಮ ಈಗ ನಿಜವಾಗಿಯೂ ನಿಧಾನವಾಗಿ ಅಡಿಕೆ ಇಟ್ಟು ಎಲೆ ಮಡಚಿದಳು. ಬಾಯಿಗೆ ಹಾಕಿಕೊಳ್ಳಲಿಲ್ಲ, ಸೊಸೆಯ ಮುಂದೆ ಹಿಡಿದಳು. ಶ್ರೀವಾಣಿ ಎಲೆ ಹಾಕುವವಳಲ್ಲ.

“ಬಾಯಿ ತೆಗಿ ಅಮ್ಮಾಯಿ,” ಅಂದಳು ಅಮ್ಮ. ಅವಳು ತೆಗೆದಳು.

ತುಂಬಿದ ಬಾಯಲ್ಲೇ ಹೊಸ ಆವೃತ್ತಿ ಬಿಟ್ಟು ಕೆಂಚಕ್ಕನಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಹಲೋ ಬಂದರೂ ಮಾತಾಡಲಾಗದೆ ಫೋನನ್ನು ನನ್ನ ಕೈಗೆ ತುರುಕಿ ಉಗುಳಲು ಹಿತ್ತಿಲಿಗೆ ಓಡಿದಳು. ಪುಟ ತೆಗೆದು ನೋಡಮ್ಮ ಅಂತ ನಾನು ಹೇಳಿ ಮುಗಿಸಿರಲಿಲ್ಲ.

“ಬಂತು ಕಣಣ್ಣ,” ಅಂದಳು ಕೆಂಚಕ್ಕ. “ಕರ್ರಗೆ ಬಂತು ಅಂತ ಅಕ್ಕಂಗೆ ಹೇಳು.”