ಹೊಳೆಬದಿಯ ಅಪ್ಪೆಮರ ಮತ್ತು ಬಾಟನಿ ಮೇಡಮ್

ಫಾಲ್ಗುಣ ಬಂತೆಂದರೆ ಮೇಡಮ್ ಅವರ ಎಡಗೆನ್ನೆಯ ಮೇಲೆ ಒಂದು ಕಲೆ ಮೂಡುತ್ತಿತ್ತು. ಮಾವಿನ ಮಿಡಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ ತಾಗಿ ಚರ್ಮ ಸುಟ್ಟ ಕಲೆ. ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಸೀದ ದೋಸೆಯ ಅಂಚಿನಂತೆ ಕಪ್ಪು. ಮಳೆಗಾಲ ಹಿಡಿಯುವ ಹೊತ್ತಿಗೆ ಸಿಪ್ಪೆ ಎದ್ದು ಕೆನ್ನೆ ಮೊದಲಿನಂತಾಗುತ್ತಿತ್ತು. ಮರುವರ್ಷ ಮತ್ತೆ ಅದೇ ಜಾಗದಲ್ಲಿ ಕಲೆ. ಮಿಡಿಯನ್ನು ಎಡಗೈಯಲ್ಲಿ ಹಿಡಿದು, ತೊಟ್ಟು ಮುರಿದು, ತಕ್ಷಣ ಮೂಗಿನ ಹತ್ತಿರ ತಂದು ಮೂಸುವ ಅವರ ರೀತಿ ಬದಲಾಗಲೇ ಇಲ್ಲ. ನಾನು ನರ್ಸ್ ಆಗಿದ್ದವಳು. ಮುಲಾಮು ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು.

"ಸುಮ್ನ ಕುಂದರ್ರಿ ಮೇಡಮ್, ಮಾರಿ ಅಲ್ಲಾಡಸಬ್ಯಾಡ್ರಿ" ಎಂದು ನಾನು ಗದರುತ್ತಿದ್ದೆ.

"ಎಂತ ಸಿಸ್ಟರೇ, ನಾನೇನು ನಿಮ್ಮ ವಾರ್ಡಿನ ಪೇಷಂಟಾ?"

"ಪೇಷಂಟಾಗಿದ್ರ ಇಷ್ಟೊತ್ತಿಗೆ ಹೇಳಿದ ಮಾತು ಕೇಳ್ತಿದ್ರಿ."

ಶಿರಸಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆಗೇ ಇದ್ದರು. ಹಾಲಿನವನಿಂದ ಹಿಡಿದು ಬ್ಯಾಂಕಿನವರವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಬಾಟನಿ ಮೇಡಮ್ ಎಂದೇ. ನಾನು ಹುಟ್ಟಿದ್ದು ಗುಡ್ನಾಪುರದ ಕಡೆ, ಬೆಳೆದದ್ದು ನರ್ಸಿಂಗ್ ಹಾಸ್ಟೆಲಿನ ಗಂಟೆಯ ಸದ್ದಿನಲ್ಲಿ. ಏಳುವುದಕ್ಕೆ, ಉಣ್ಣುವುದಕ್ಕೆ, ದೀಪ ಆರಿಸುವುದಕ್ಕೆ ಗಂಟೆ. ನಿವೃತ್ತಿಯಾದ ಮೇಲೂ ಆ ಗಂಟೆ ನನ್ನೊಳಗೆ ಹೊಡೆಯುತ್ತಲೇ ಇದೆ. ಅವರಿಗೆ ಯಾವ ಗಂಟೆಯೂ ಇರಲಿಲ್ಲ. ಚಹಾ ಮಾಡಿಕೊಂಡು ಮರೆತು, ಆರಿದ್ದನ್ನೇ ಕುಡಿಯುತ್ತಿದ್ದರು. ಪರ್ಸಿನಲ್ಲಿ ಚಿಲ್ಲರೆಗಿಂತ ಹೆಚ್ಚು ಒಣ ಎಲೆಗಳಿರುತ್ತಿದ್ದವು. ಆದರೂ ನಮ್ಮಿಬ್ಬರ ಸ್ನೇಹ ಕುದುರಿತು. ಬೇಲಿ ಒಂದೇ ಇತ್ತು, ಅಷ್ಟೆ.

ಅವರ ಲೋಕವೆಂದರೆ ಅಪ್ಪೆಮಿಡಿ, ಉಪ್ಪಿನಕಾಯಿಯ ಕಾಡುಮಾವು. ನಮ್ಮ ಹೊಳೆ ಹಳ್ಳಗಳ ಬದಿಯಲ್ಲಿ ನಿಂತ ಒಂದೊಂದು ಮರಕ್ಕೂ ತನ್ನದೇ ಪರಿಮಳ, ತನ್ನದೇ ಹೆಸರು. ಒಂದು ಮರದ ಮಿಡಿ ಜೀರಿಗೆಯಂತೆ, ಇನ್ನೊಂದರದು ಕರ್ಪೂರದಂತೆ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು. ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ಹಾಗಾಗಿ ಮರ ಹತ್ತಬಲ್ಲವರು ಬುಟ್ಟಿಗೆ ಹಗ್ಗ ಕಟ್ಟಿಕೊಂಡು ಹತ್ತಿ, ಗೊಂಚಲು ಗೊಂಚಲಾಗಿ ಕೊಯ್ದು, ನಿಧಾನವಾಗಿ ಇಳಿಬಿಡುತ್ತಾರೆ. ಮರ ಎಲ್ಲಿದೆ ಎಂಬುದು ಆ ಮನೆಯವರಿಗೆ ಗೊತ್ತು. ಹೊರಗಿನವರಿಗೆ ಹೇಳುವ ಪದ್ಧತಿ ಇಲ್ಲ.

ಯಲ್ಲಾಪುರದ ದಾರಿಯಲ್ಲಿ ಅಂಥ ಒಂದು ಹಳೆಯ ಮರವಿತ್ತು. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ಮೇಡಮ್ ನೋಡಲು ಹೋದಾಗ ಬುಡ ಕೂಡ ಉಳಿದಿರಲಿಲ್ಲ. ಕಡಿದವರಿಗೆ ಅದು ಯಾವ ಮರವೆಂದೇ ತಿಳಿದಿರಲಿಲ್ಲ. ಅಂದಿನಿಂದ ಅವರ ಬಾಯಲ್ಲಿ ಒಂದೇ ಮಾತು: "ಲೆಕ್ಕದಲ್ಲಿಲ್ಲದ ಮರವನ್ನು ಕಡಿದರೆ ಕೇಳುವವರೇ ಇಲ್ಲ." ಯಾರು ಬೇಕಾದರೂ ನೋಡಬಹುದಾದ, ಯಾರು ಬೇಕಾದರೂ ಸೇರಿಸಬಹುದಾದ ನಕಾಶೆಯೊಂದು ಇಂಟರ್ನೆಟ್ಟಿನಲ್ಲಿದೆ ಎಂದು ಎಲ್ಲೋ ಓದಿದರು. ಬಸ್ಸು ಹತ್ತಿ ಸಿದ್ದಾಪುರ, ಎಕ್ಕಂಬಿ, ಮತ್ತಿಘಟ್ಟ ಎಂದು ಓಡಾಡಿದರು. ಪ್ರತಿ ಮರದ ಬುಡದಲ್ಲಿ ನಿಂತು ಫೋನಿನಲ್ಲಿ ಜಾಗ ಗುರುತಿಸಿ, ಮನೆಗೆ ಬಂದು ಒಂದೇ ಬೆರಳಿನಲ್ಲಿ ಕುಟ್ಟಿ ಆ ನಕಾಶೆಗೆ ಏರಿಸಿದರು. ಕೆಲವು ವರ್ಷ ಅದೇ ಕೆಲಸ.

ಆಗ ಬೆಂಗಳೂರಿನ ಸಮ್ಮೇಳನವೊಂದರ ಕರೆ ಅವರ ಕಣ್ಣಿಗೆ ಬಿತ್ತು. ಕೂಡಿಸಿದ ಮಾಹಿತಿಯನ್ನು ಬೀಗ ಹಾಕಿಡದೆ, ಎಲ್ಲರ ಬಳಕೆಗೆ ಮುಕ್ತವಾಗಿ ಬಿಡಬೇಕು ಎನ್ನುವವರ ಸಮ್ಮೇಳನ. ಮಾತಾಡಲು ಇಷ್ಟವಿದ್ದವರು ಮೊದಲೇ ಪ್ರಸ್ತಾವ ಕಳುಹಿಸಬೇಕು. ಮೇಡಮ್ ಬೇಲಿಯ ಹತ್ತಿರವೇ ನಿಂತು ಅದನ್ನು ನನಗೆ ಓದಿ ಹೇಳಿದರು. ಅಷ್ಟು ಹುರುಪಿನಲ್ಲಿ ನಾನು ಅವರನ್ನು ಕಂಡಿರಲಿಲ್ಲ.

"ಜೀವಮಾನವಿಡೀ ಹಾಜರಿ ಬೇಕು ಅಂತ ಕೂತ ಮಕ್ಕಳಿಗೆ ಪಾಠ ಹೇಳಿದ್ದಾಯ್ತು ಸಿಸ್ಟರೇ. ಕೇಳ್ಬೇಕು ಅಂತ್ಲೇ ಬಂದವರ ಎದುರು ಒಂದು ಸಲ ಮಾತಾಡ್ಬೇಕು."

ಪ್ರಸ್ತಾವ ಬರೆಯಲು ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತಂದಿಟ್ಟರು. ಅವರು ಬರೆಯುವುದು, ನಾನು ಹೊಡೆದು ಹಾಕುವುದು. ಪದಗಳಿಗೆ ಮಿತಿ ಇತ್ತು. ಅವರೋ ಅಜ್ಜಿಯ ಭರಣಿಯಿಂದ ಶುರು ಮಾಡಿ ಹೊಳೆಯ ಹುಟ್ಟಿನವರೆಗೆ ಹೋಗುತ್ತಿದ್ದರು.

"ಇದು ಬ್ಯಾಡ್ರಿ" ಎನ್ನುತ್ತಿದ್ದೆ. "ನಿಮ್ಮ ಅಜ್ಜಿ ಉಪ್ಪಿನಕಾಯಿ ಹಾಕಿದ್ದು ಅವರಿಗ್ಯಾಕ ಬೇಕು?"

"ಅದೇ ಮುಖ್ಯ ಅಲ್ದಾ ಮಾರಾಯ್ತಿ."

"ಕೇಸ್ ಶೀಟಿನಾಗ ಅಜ್ಜಿ ಬರಂಗಿಲ್ಲ."

ನಕ್ಕು ಅಳಿಸುತ್ತಿದ್ದರು. ಎಲ್ಲ ಮರಗಳ ಜಾಗವೂ ಎಲ್ಲರಿಗೂ ಮುಕ್ತ ಎಂಬ ವಾಕ್ಯವನ್ನು ಮಾತ್ರ ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು. ಅದನ್ನು ನಾನೂ ಹೊಡೆಯಲಿಲ್ಲ. ಒಳ್ಳೆಯ ವಾಕ್ಯ, ಚಿಕ್ಕದಾಗಿಯೂ ಇತ್ತು.

ಕಳುಹಿಸುವುದೊಂದೇ ಬಾಕಿ. ಆ ವಾರವೇ ಮತ್ತಿಘಟ್ಟದ ಕಡೆಯಿಂದ ಒಬ್ಬ ಹಿರಿಯ ಹೆಂಗಸು ಬಸ್ಸಿನಲ್ಲಿ ಬಂದರು. ಅವರ ಮನೆಯ ಹೊಳೆಬದಿಯ ಜೀರಿಗೆಮಿಡಿಯ ಮರವನ್ನು ಮೇಡಮ್ ಹಿಂದಿನ ವರ್ಷ ನಕಾಶೆಗೆ ಏರಿಸಿದ್ದರು. ಹೆಂಗಸಿನ ಕೈಚೀಲದಲ್ಲಿ ಒಣಗಿದ ಒಂದು ಟೊಂಗೆ ಇತ್ತು. ಎಲೆಯ ನಡುವೆ ಬೆಳೆಯದ ಮಿಡಿಗಳು ಸುರುಟಿ ಹೋಗಿದ್ದವು. ಅದನ್ನು ಮೇಜಿನ ಮೇಲೆ, ಲ್ಯಾಪ್‌ಟಾಪಿನ ಪಕ್ಕ ಇಟ್ಟು, ಮೇಡಮ್ ಅವರದೇ ಮನೆಮಾತಿನಲ್ಲಿ ಹೇಳಿದರು:

"ಮಿಡಿ ವ್ಯಾಪಾರದವು ಬಂದಿದ್ವಡ ತಂಗಿ. ಹತ್ತಿ ಕೊಯ್ಯಲೆ ಪುರಸೊತ್ತಿಲ್ಲೆ ಅವಕ್ಕೆ. ಟೊಂಗೆನೇ ಕಡಿದು ಕೆಡವಿದ್ದ."

ಮೇಡಮ್ ಟೊಂಗೆಯನ್ನು ಮುಟ್ಟಲಿಲ್ಲ. "ದಾರಿ ಯಾರು ತೋರ್ಸಿದ್ದು ಅಕ್ಕಾ?"

"ಯಾರು ತೋರ್ಸವು? ಫೋನು ತೋರ್ಸ್ತಡ. ಯಂಗಳ ಸೊಸೆಗೂ ಆ ದಾರಿ ಸರಿ ಗೊತ್ತಿಲ್ಲೆ, ನಿನ್ನ ಫೋನಿಗೆ ಗೊತ್ತಿದ್ದು!"

ನಾನು ನೀರು ತಂದುಕೊಟ್ಟೆ. ಆಕೆ ಕುಡಿದು ಲೋಟ ಕೆಳಗಿಟ್ಟು, ತಾನು ಬೈಯಲು ಬಂದವಳಲ್ಲ ಎಂಬಂತೆ ಮೆತ್ತಗೆ ಹೇಳಿದರು:

"ಆನು ಬೈತ್ನಿಲ್ಲೆ. ಮರ ತೋರ್ಸಿದ್ದು ಆನೇಯ. ನಿಂಗೆ ತೋರ್ಸಿದ್ದಿ, ಊರಿಗೆ ತೋರ್ಸಿದ್ನಿಲ್ಲೆ. ಒಂದು ಮಾತು ಕೇಳಕಾಗಿತ್ತು."

"ತಪ್ಪಾತು ಅಕ್ಕಾ."

"ಮರ ಮತ್ತೆ ಚಿಗುರ್ತು. ಮಿಡಿ ಬಿಡ ಹೊತ್ತಿಗೆ ಆನು ಇರ್ತ್ನೋ ಇಲ್ಯೋ ಗೊತ್ತಿಲ್ಲೆ."

ಮರುದಿನ ನಾವಿಬ್ಬರೂ ಹೋಗಿ ನೋಡಿದೆವು. ನಡುವಿನ ಕಾಂಡವೊಂದೇ ನಿಂತಿತ್ತು. ಕಡಿದ ಬಾಯಿಗಳಿಂದ ಸೊನೆ ಇಳಿದು ತೊಗಟೆಯ ಮೇಲೆ ಹೆಪ್ಪುಗಟ್ಟಿತ್ತು. ಮೇಡಮ್ ಸುತ್ತ ಒಂದು ಸಲ ನಡೆದು ಬಂದು, "ಹೋಪನ?" ಎಂದರು, ಹೋಗೋಣವೇ ಎಂದು. ನನ್ನ ಜೊತೆ ಅವರು ಎಂದೂ ತಮ್ಮ ಮನೆಮಾತು ಆಡಿದವರಲ್ಲ. ಆಡಿದ್ದು ಅವರಿಗೆ ಗೊತ್ತಾಗಲೂ ಇಲ್ಲ. ಬಸ್ಸು ಹಿಡಿದು ಶಿರಸಿಗೆ ಮರಳಿದೆವು.

ಆ ಸಂಜೆ ಅವರು ಕೂತು ಎಲ್ಲ ಮರಗಳ ಜಾಗವನ್ನೂ ನಕಾಶೆಯಿಂದ ತೆಗೆದರು. ತಮ್ಮ ಲ್ಯಾಪ್‌ಟಾಪಿನಿಂದಲೂ ಅಳಿಸಿದರು. ಒಂದೊಂದನ್ನು ತೆಗೆಯುವಾಗಲೂ ಅದರ ಹೆಸರು ಹೇಳುತ್ತಿದ್ದರು. ನಾನು ಬೀನ್ಸ್ ಹೆಚ್ಚುತ್ತ ಕೇಳಿಸಿಕೊಂಡೆ.

"ಸಮ್ಮೇಳನದ್ದು ಏನ್ ಮಾಡ್ತೀರಿ?" ಎಂದು ಕೇಳಿದೆ. "ತಾರೀಖು ಮುಗೀತದ. ಆ ಒಂದು ವಾಕ್ಯ ತೆಗೆದು ಕಳಸ್ರಿ. ಯಾರಿಗೂ ತಿಳಿಯಂಗಿಲ್ಲ."

"ಆ ವಾಕ್ಯ ತೆಗೆದ್ರೆ ಒಳಗೆ ಎಂತ ಉಂಟು ಸಿಸ್ಟರೇ? ಅಜ್ಜಿಯನ್ನ ನೀವು ಮೊದಲೇ ತೆಗೆದಿದ್ದೀರಿ."

ಆ ವರ್ಷದ ತಾರೀಖು ದಾಟಿತು. ಅವರು ಮತ್ತೆ ಬಸ್ಸು ಹತ್ತಿದರು. ಈ ಸಲ ಮರದ ಬುಡಕ್ಕಲ್ಲ, ಮನೆಯ ಜಗುಲಿಗೆ. ಹೋಗಿ ಕೂತು, ಕೊಟ್ಟ ಕಷಾಯ ಕುಡಿದು, ಒಂದೇ ಪ್ರಶ್ನೆ: ನಿಮ್ಮ ಮರವನ್ನು ನಕಾಶೆಯಲ್ಲಿ ಇಡಲೇ? ಕೆಲವರು ಇಡು ಎಂದರು. ಕೆಲವರು ಹಳ್ಳದ ಹೆಸರು ಮಾತ್ರ ಸಾಕು, ಜಾಗ ಬೇಡ ಎಂದರು. ಕೆಲವರು ಮಿಡಿಯ ಹೆಸರೂ ಬೇಡವೆಂದರು. ಸಿದ್ದಾಪುರದ ಒಬ್ಬರು, "ಮೇಡಮ್ಮೋರೆ, ಕೇಳ್ದೆ ಹಾಕುವಾಗ ಇಲ್ದ ಮರ್ಯಾದೆ ಈಗೆಂಥದು?" ಎಂದು ಚುಚ್ಚಿದರಂತೆ. ಅದನ್ನೂ ಬಂದು ನನಗೆ ಹೇಳಿದರು. ಬೇರೆ ಯಾರೋ ಬೈಸಿಕೊಂಡದ್ದನ್ನು ವರದಿ ಮಾಡುವವರಂತೆ ಹೇಳಿದರು. ಹೇಳಿದವರ ಮಾತಿನಂತೆ ಒಂದೊಂದೇ ಮರವನ್ನು ಮರಳಿ ಸೇರಿಸಿದರು. ಬೇಡವೆಂದವರ ಮರ ಎಲ್ಲಿಯೂ ಇಲ್ಲ.

ಆ ಬೇಸಿಗೆಯಲ್ಲೂ ಕೆನ್ನೆಯ ಮೇಲೆ ಕಲೆ ಬಂತು. ನಾನು ಮುಲಾಮು ಹಚ್ಚಿದೆ. ಓಡಾಟ ಹೆಚ್ಚಾಗಿತ್ತು, ಕಾಲು ಊದಿಕೊಳ್ಳುತ್ತಿತ್ತು. ಹೃದಯದ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದೆ. ತೋರಿಸಿದರು, ಮಾತ್ರೆ ಬಂತು, ಮಾತ್ರೆ ತಿನ್ನುವುದನ್ನು ಚಹಾದಂತೆಯೇ ಮರೆತರು. ಬೆಳಗಿನ ಮಾತ್ರೆಯನ್ನು ಬೇಲಿಯ ಮೇಲಿಂದ ಕೊಡುವುದು ನನ್ನ ದಿನಚರಿಗೆ ಸೇರಿತು.

ಮುಂದಿನ ಕರೆ ಬಂದಾಗ ಹೊಸ ಪ್ರಸ್ತಾವ ಬರೆದರು. ಎಲ್ಲ ಮರಗಳನ್ನೂ ತೆರೆದಿಟ್ಟು ತಾವು ಮಾಡಿದ ತಪ್ಪು, ಹೊಳೆಬದಿಯ ಆ ಮರ, ಆಮೇಲೆ ಜಗುಲಿಯಲ್ಲಿ ಕೂತು ಕೇಳಿದ್ದು. ಮುಕ್ತವಾಗಿಡುವ ಮೊದಲು ಯಾರನ್ನು ಕೇಳಬೇಕು ಎಂಬುದೇ ಮಾತಿನ ವಿಷಯ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಳುಹಿಸಿದರು. ಆ ಸಮ್ಮೇಳನದಲ್ಲಿ ಪ್ರಸ್ತಾವಗಳನ್ನು ಎಲ್ಲರೂ ಓದಿ ಕೆಳಗೆ ಅಭಿಪ್ರಾಯ ಬರೆಯಬಹುದು. ಮಾಹಿತಿ ಪೂರ್ತಿ ಮುಕ್ತವಲ್ಲದಿದ್ದರೆ ಇದು ನಮ್ಮ ಸಮ್ಮೇಳನಕ್ಕೆ ಹೇಗೆ ಸೇರುತ್ತದೆ ಎಂದು ಯಾರೋ ಕೇಳಿದ್ದರು. ಮೇಡಮ್ ಉತ್ತರ ಕುಟ್ಟಿದರು: "ಶಿರಸಿಗೆ ಬನ್ನಿ. ಉಪ್ಪಿನಕಾಯಿ ಕೊಡುತ್ತೇನೆ, ದಾರಿ ಕೊಡುವುದಿಲ್ಲ. ಮರದ ಮನೆಯವರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ನೀವೇ ಕೇಳಿ."

"ಇದನ್ನ ಹಾಕಬ್ಯಾಡ್ರಿ, ಚೇಷ್ಟೆ ಅನ್ಕೋತಾರ" ಎಂದೆ.

"ಚೇಷ್ಟೆಯೇ. ಸ್ವಲ್ಪ ನಗಲಿ."

ಪುಷ್ಯ ಮಾಸದ ಒಂದು ಬೆಳಿಗ್ಗೆ ನಾನು ಮಾತ್ರೆ ಹಿಡಿದು ಬೇಲಿಯ ಹತ್ತಿರ ನಿಂತಿದ್ದೆ. ಅವರು ಬರಲಿಲ್ಲ. ಅವರ ತಮ್ಮ ಓಡಿ ಬಂದು ನನ್ನನ್ನು ಕರೆದರು. ಹೋದೆ. ನಾಡಿ ನೋಡಿದೆ, ಕಣ್ಣು ಮುಚ್ಚಿದೆ, ಗಲ್ಲಕ್ಕೆ ಬಟ್ಟೆ ಕಟ್ಟಿದೆ. ಕೆಲಸದಲ್ಲಿದ್ದಾಗ ಎಷ್ಟೋ ಜನರಿಗೆ ಮಾಡಿದ್ದೇ. ಮಿಡಿಯ ಕಾಲ ಇನ್ನೂ ಬಂದಿರಲಿಲ್ಲ. ಕೆನ್ನೆ ಕಲೆಯಿಲ್ಲದೆ ಇತ್ತು. ಅದು ಬೇರೆ ಯಾರದೋ ಕೆನ್ನೆಯಂತೆ ಕಂಡಿತು. ನನಗೆ ಅಳು ಬರಲಿಲ್ಲ. ಮನೆಗೆ ಬಂದು ಕೈ ತೊಳೆದೆ. ಮಾತ್ರೆ ಸೆರಗಿನಲ್ಲೇ ಉಳಿದಿತ್ತು. ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ.

ಕೆಲವು ವಾರ ಕಳೆದು ಅವರ ತಮ್ಮನ ಹೆಂಡತಿ ಲ್ಯಾಪ್‌ಟಾಪ್ ತಂದರು. "ಅತ್ತಿಗೆ ಹೆಸರಿಗೆ ಎಂತದೋ ಬಂದಿದೆ ಸಿಸ್ಟರ್. ಇಂಗ್ಲಿಷ್ ನೋಡಿದ್ರೆ ನಂಗೆ ತಲೆ ಬಿಸಿ. ನೀವೇ ನೋಡಿ."

ಪ್ರಸ್ತಾವ ಒಪ್ಪಿಗೆಯಾಗಿತ್ತು. ಬರುತ್ತೀರೆಂದು ಖಚಿತಪಡಿಸಿ ಎಂದು ಕೇಳಿದ್ದರು. ಹಿಂದಿನ ವರ್ಷ ಆ ಒಂದು ವಾಕ್ಯದೊಂದಿಗೆ ಕಳುಹಿಸಿದ್ದರೆ ಬಹುಶಃ ಆಗಲೇ ಹೋಗಿ ಮಾತಾಡಿ ಬಂದಿರುತ್ತಿದ್ದರು. ಇದನ್ನು ನಾನು ಹಲವು ಸಲ ಯೋಚಿಸಿದ್ದೇನೆ.

ಅವರು ತೀರಿಕೊಂಡರೆಂದು ಉತ್ತರ ಬರೆದೆ. ಸಮ್ಮೇಳನದವರು ಮರ್ಯಾದೆಯಿಂದಲೇ ಮರಳಿ ಬರೆದರು. ಉಳಿದ ಮರಗಳ ಜಾಗವನ್ನೂ ಸೇರಿಸಿ ಅವರ ನೆನಪಿನಲ್ಲಿ ಪ್ರಕಟಿಸಬಹುದೇ, ಅದು ಅವರಿಗೆ ಸಲ್ಲಿಸುವ ಗೌರವವಾಗುತ್ತದೆ ಎಂದರು. ಅವರ ಬದಲು ಬೇರೆ ಯಾರಾದರೂ ಮಾತಾಡುವರೇ ಎಂದೂ ಕೇಳಿದ್ದರು. ಮೊದಲನೆಯದಕ್ಕೆ ಹೀಗೆ ಬರೆದೆ: ಆ ಜಾಗಗಳನ್ನು ಅವರೇ ಅಳಿಸಿದ್ದಾರೆ. ಬೇಕಾದರೆ ಮರದವರನ್ನು ಕೇಳಬೇಕು. ಕೇಳಲು ಬರುವುದಾದರೆ ಯಾವ ಬಸ್ಸು ಹತ್ತಬೇಕೆಂದು ಹೇಳುತ್ತೇನೆ.

ಎರಡನೆಯದಕ್ಕೆ ನನ್ನ ಹೆಸರು ಕೊಟ್ಟೆ. ವೇದಿಕೆಯ ಮೇಲೆ ನಿಂತು ನನಗೆ ಅಭ್ಯಾಸವಿಲ್ಲ. ಆದರೆ ಅವರು ಬರೆದದ್ದರಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅಜ್ಜಿಯ ಭರಣಿಯನ್ನು ಮೊದಲಿನ ಜಾಗಕ್ಕೇ ಮರಳಿ ಇಟ್ಟಿದ್ದೇನೆ.

ಮಾತಾಡುವವರ ಪರಿಚಯ ತುಂಬಬೇಕಿತ್ತು. ನಿವೃತ್ತ ನರ್ಸ್, ಶಿರಸಿ, ಎಂದು ಬರೆದೆ. ಈ ವಿಷಯಕ್ಕೂ ನಿಮಗೂ ಏನು ಸಂಬಂಧ ಎಂಬ ಪ್ರಶ್ನೆ ಇತ್ತು. ಅದರ ಕೆಳಗೆ ಬರೆದೆ: ಪ್ರತಿ ವರ್ಷ ಸೊನೆ ಸುಟ್ಟ ಅವರ ಕೆನ್ನೆಗೆ ಮುಲಾಮು ಹಚ್ಚುತ್ತಿದ್ದೆ.

ಅದು ಅಲ್ಲಿಗೆ ಬೇಕಿಲ್ಲದ ವಾಕ್ಯ. ಅವರ ಬರಹದಿಂದ ಇಂಥ ವಾಕ್ಯಗಳನ್ನೇ ನಾನು ಹೊಡೆದು ಹಾಕುತ್ತಿದ್ದುದು. ಇದನ್ನು ಹೊಡೆಯಲಿಲ್ಲ. ಹಾಗೇ ಕಳುಹಿಸಿದೆ.