ಎತ್ತಿ ನಿಲ್ಲಿಸಿದ ಮೂವತ್ತೊಂದು ಗೊಂಬೆಗಳು

ಎರಡು ವರ್ಷದ ಹಿಂದಿನ ಮಾತು. ದಸರಾ ಮುಗಿದು ಎರಡು ವಾರವಾಗಿತ್ತು, ಮದುವೆ ಸೀಸನ್ ಇನ್ನೂ ಶುರುವಾಗಿರಲಿಲ್ಲ. ಶಂಕರಪುರಂನ ನನ್ನ ಪುಟ್ಟ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಆಗ ಬಂತು ಆ ಫೋನು.

"ಸರ್, ನಾನು ವಾಣಿ ಅಂತ. ಹೈಸ್ಕೂಲಲ್ಲಿ ಡ್ರಾಯಿಂಗ್ ಟೀಚರ್. ದಸರಾ ಗೊಂಬೆಗಳನ್ನ ಒಂದು ಹಾಲ್‌ನಲ್ಲಿ ಕಲಾಕೃತಿ ಥರ ಜೋಡಿಸಿ ಇನ್‌ಸ್ಟಲೇಶನ್ ಮಾಡಿದೀನಿ. ಫೋಟೋ ತೆಗೆದುಕೊಡ್ತೀರಾ?"

ಇಪ್ಪತ್ತೆರಡು ವರ್ಷದಲ್ಲಿ ಮದುವೆ, ಮುಂಜಿ, ನಾಮಕರಣ ಬಿಟ್ಟು ನಾನು ಬೇರೇನೂ ತೆಗೆದವನಲ್ಲ. ಕಲಾಪ್ರದರ್ಶನದ ಫೋಟೋ ಎಂದರೆ ಕೇಳಬೇಕೆ! "ಅದಕ್ಕೇನು ಮೇಡಂ, ಖಂಡಿತ" ಎಂದುಬಿಟ್ಟೆ. ಹೆಂಡತಿಗೆ ಹೇಳುವಾಗ ನನ್ನ ಧ್ವನಿಯೇ ಬದಲಾಗಿತ್ತಂತೆ.

ದೊಡ್ಡ ಪ್ರದರ್ಶನವೊಂದರ ಆಯ್ಕೆಗೆ ವಾಣಿಯವರು ಆ ಫೋಟೋಗಳನ್ನು ಶನಿವಾರ ಸಂಜೆ ಐದರೊಳಗೆ ಕಳಿಸಬೇಕಿತ್ತು. ಐದಕ್ಕೇ ಆ ಹಾಲ್ ಕೂಡ ಖಾಲಿ ಮಾಡಿಕೊಡಬೇಕು, ಹೆಂಗಸರ ಭಜನೆ ಇರುತ್ತದೆ. "ಗೊಂಬೆಗಳೆಲ್ಲ ಕೊಟ್ಟವರಿಗೇ ವಾಪಸ್ ಹೋಗ್ತವೆ ಸರ್. ಆಮೇಲೆ ಉಳಿಯೋದು ನಿಮ್ಮ ಫೋಟೋ ಒಂದೇ" ಎಂದರು. ಸ್ಕೂಲು ಮುಗಿಸಿ ಒಂದು ಗಂಟೆಗೆ ಬರುತ್ತೇನೆ, ಅಷ್ಟರಲ್ಲಿ ಲೈಟೆಲ್ಲ ರೆಡಿ ಮಾಡಿಕೊಂಡಿರಿ ಎಂದೂ ಹೇಳಿದರು.

ಶನಿವಾರ ಹತ್ತೂವರೆಗೇ ಹೋದೆ. ನಮ್ಮ ಪಕ್ಕದ ರಸ್ತೆಯ ಭಜನೆ ಮಂದಿರದ ಹಾಲು. ವಾಚ್‌ಮನ್ ಬೀಗ ತೆಗೆದುಕೊಟ್ಟು ಹೋದ. ಒಳಗೆ ಏಳು ಉದ್ದನೆಯ ಮೆಟ್ಟಿಲು, ಬಿಳಿ ಬಟ್ಟೆ ಹೊದಿಸಿದೆ. ಅದರ ಮೇಲೆ ನೂರಕ್ಕೂ ಹೆಚ್ಚು ಗೊಂಬೆಗಳು! ರಾಜ ರಾಣಿ, ದಶಾವತಾರ, ಬ್ಯಾಂಡ್‌ಸೆಟ್ಟಿನವರು, ಅಂಗಡಿ ಶೆಟ್ಟರು. ಸ್ಟ್ಯಾಂಡ್ ನಿಲ್ಲಿಸಿ, ಲೈಟ್ ಹಾಕಿ, ಬೆಳಕು ನೋಡಿಕೊಳ್ಳಲು ಎರಡು ಫ್ರೇಮ್ ತೆಗೆದೆ. ಆಗ ಕಂಡಿತು ನೋಡಿ, ಅಲ್ಲಲ್ಲಿ ಗೊಂಬೆಗಳು ಬಿದ್ದಿವೆ. ಕೆಲವು ಬೋರಲಾಗಿ, ಕೆಲವು ಗೋಡೆ ಕಡೆ ತಿರುಗಿ. ಹಿಂದಿನ ಕಿಟಕಿ ತೆರೆದೇ ಇತ್ತು. "ಅಯ್ಯೋ, ಬೆಕ್ಕು ನುಗ್ಗಿದೆ!" ಎಂದುಕೊಂಡೆ.

ಮದುವೆ ಫೋಟೋಗ್ರಾಫರನ ಕೈ ಎಂದರೆ ಸುಮ್ಮನಿರುವ ಕೈಯಲ್ಲ. ವಧುವಿನ ನೆರಿಗೆ ಸರಿಮಾಡುವುದು, ತಿರುಗಿಕೊಂಡ ಮಾಂಗಲ್ಯವನ್ನು ನೇರ ಮಾಡಿಸುವುದು, ಪುರೋಹಿತರ ಹಿಂದಿನ ನೀರಿನ ಬಾಟಲಿ ಎತ್ತಿಡುವುದು, ಎಲ್ಲ ನಾವೇ. ಇಲ್ಲೂ ಹಾಗೇ. ಒಂದೊಂದನ್ನೇ ಎತ್ತಿ, ಧೂಳು ಒರೆಸಿ, ಮುಂದಕ್ಕೆ ಮುಖ ಮಾಡಿ ನಿಲ್ಲಿಸಿದೆ. ಪ್ರತಿ ಗೊಂಬೆಯ ಕೆಳಗೂ ಒಂದು ಚೀಟಿ ಇತ್ತು. ವಾಪಸ್ ಕೊಡುವಾಗ ಗುರುತಿಗೆ ಇರಬೇಕೆಂದುಕೊಂಡು ಓದಲಿಲ್ಲ. ಒಂದು ಗೊಂಬೆಯ ತಲೆಯ ಹತ್ತಿರ ಯಾರೋ ಕರ್ಚೀಫು ಮರೆತು ಹೋಗಿದ್ದರು. ಅದನ್ನು ಜೇಬಿಗೆ ಹಾಕಿಕೊಂಡೆ. ಮೂವತ್ತೊಂದು ಗೊಂಬೆ ಎತ್ತಿ ನಿಲ್ಲಿಸುವಷ್ಟರಲ್ಲಿ ಬೆನ್ನು ಬಿದ್ದುಹೋಯಿತು. ಆಮೇಲೆ ತೆಗೆದೆ ನೋಡಿ, ಅರವತ್ತು ಫೋಟೋ. ಒಂದಕ್ಕಿಂತ ಒಂದು ಚೆಂದ!

ಒಂದು ಗಂಟೆಗೆ ವಾಣಿಯವರು ಬಂದರು. ಮೂವತ್ತೈದರ ಆಸುಪಾಸಿನ ತೆಳ್ಳನೆಯ ಹೆಂಗಸು. ಬಾಗಿಲಲ್ಲೇ ನಿಂತುಬಿಟ್ಟರು.

"ಬೆಕ್ಕು ಬೀಳಿಸಿತ್ತು ಮೇಡಂ. ಎಲ್ಲಾ ಸರಿ ಮಾಡಿದೀನಿ" ಎಂದೆ, ಭೇಷ್ ಎನ್ನುತ್ತಾರೆಂದು ಕಾಯುತ್ತಾ.

ಅವರು ಮೆಲ್ಲಗೆ ಕುರ್ಚಿ ಎಳೆದುಕೊಂಡು ಕುಳಿತರು. "ಸರ್, ಒಂದೊಂದು ಮೆಟ್ಟಿಲೂ ನಮ್ಮ ಒಂದೊಂದು ರಸ್ತೆ. ಒಂದೊಂದು ಗೊಂಬೇನೂ ಒಂದು ಮನೆ. ಕೆಡವಿದ ಮನೆಗಳ ಗೊಂಬೆ ಮಲಗಿತ್ತು. ಹಬ್ಬ ಮುಗಿದ ಮೇಲೆ ಪಟ್ಟದ ಗೊಂಬೆ ಮಲಗಿಸ್ತೀವಲ್ಲ, ಹಾಗೆ. ಆ ಮನೇಲಿ ಇದ್ದವರೇ ನಿನ್ನೆ ಬಂದು ಅವರ ಕೈಯಾರೆ ಮಲಗಿಸಿ ಹೋದ್ರು. ಒಬ್ಬ ಅಜ್ಜಿ ತಲೆದಿಂಬು ಇರಲಿ ಅಂತ ಕರ್ಚೀಫು ಇಟ್ಟಿದ್ರು."

ಆ ಕರ್ಚೀಫಿನಿಂದ ಆಗಲೇ ನಾನು ಎರಡು ಸಲ ಬೆವರು ಒರೆಸಿಕೊಂಡಿದ್ದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಆ ಗಾದೆ ನನಗಾಗಿಯೇ ಹುಟ್ಟಿದ್ದು.

"ಯಾವುದು ಹೇಗಿತ್ತು ಅಂತ ನಿಮಗೆ ನೆನಪಿಲ್ವಾ ಮೇಡಂ?"

"ಯಾವ ಮನೆ ಅನ್ನೋದು ಗೊತ್ತು. ಅವರು ಹೇಗೆ ಮಲಗಿಸಿದ್ರು ಅನ್ನೋದು ಹೇಗೆ ನೆನಪಿರುತ್ತೆ? ಅವರನ್ನೆಲ್ಲ ಈಗ ಮತ್ತೆ ಎಲ್ಲಿಂದ ಕರೆಸಲಿ?" ಅವರ ಕಣ್ಣು ತುಂಬಿಕೊಂಡಿತ್ತು. ಬೈದಿದ್ದರೂ ಚೆನ್ನಾಗಿತ್ತು.

ಆಗ ಹೊಳೆಯಿತು. ಬೆಳಕು ನೋಡಲು ತೆಗೆದ ಆ ಎರಡು ಫ್ರೇಮ್! "ಇದೆ ಮೇಡಂ, ಇದೆ!" ಎಂದು ಕೂಗಿಯೇಬಿಟ್ಟೆ. ಲ್ಯಾಪ್‌ಟಾಪಿಗೆ ಹಾಕಿ ದೊಡ್ಡದು ಮಾಡಿದರೆ ಒಂದೊಂದು ಗೊಂಬೆಯೂ ಸ್ಪಷ್ಟ. ನನಗಂತೂ ಹೋದ ಜೀವ ಬಂದಂತಾಯಿತು.

ಶುರುವಾಯಿತು ನೋಡಿ ನಮ್ಮ ಓಟ. ಅವರು ಲ್ಯಾಪ್‌ಟಾಪ್ ಹಿಡಿದು ಕೂಗುವುದು, ನಾನು ಮಂಡಿಯೂರಿ ಮಲಗಿಸುವುದು. "ಮೂರನೇ ಮೆಟ್ಟಿಲು, ಎಡಗಡೆಯಿಂದ ಐದನೇದು. ಬೋರಲು. ಇನ್ನೂ ಸ್ವಲ್ಪ ಓರೆ. ಹಾಂ, ಸಾಕು ಸಾಕು!" ಊಟದ ನೆನಪೇ ಇಬ್ಬರಿಗೂ ಆಗಲಿಲ್ಲ. ಕರ್ಚೀಫನ್ನು ನಲ್ಲಿಯಲ್ಲಿ ಹಿಂಡಿ, ಲೈಟಿನ ಬಿಸಿಗೆ ಒಣಗಿಸಿ, ಮಡಿಸಿ ಇಟ್ಟೆವು. ಮೂರೂವರೆಗೆ ಮೂವತ್ತು ಮುಗಿಯಿತು. ಮೂವತ್ತೊಂದನೆಯದು ಮಾತ್ರ ಎರಡು ಫ್ರೇಮಿನಲ್ಲೂ ಕಾಣುತ್ತಿಲ್ಲ. ನನ್ನ ಲೈಟ್ ಸ್ಟ್ಯಾಂಡ್ ಸರಿಯಾಗಿ ಅದರ ಮುಂದೆಯೇ ನಿಂತಿತ್ತು.

"ಅದಕ್ಕೆ ಯೋಚನೆ ಬೇಡ ಸರ್" ಎಂದರು ವಾಣಿ. "ಅದನ್ನ ಕಳಿಸಿದ್ದು ಆ ಮನೆಗಳ ಓನರ್ ಮಗಳು. ಆದ್ರೆ ಅಲ್ಲಿ ಬಾಡಿಗೆಗಿದ್ದವರು ಯಾರೂ ಸಿಗಲಿಲ್ಲ. ನಾನೇ ಮಲಗಿಸಿದ್ದೆ. ಹೇಗಾದ್ರೂ ಇಡಿ."

ಅದು ಅಂಗಡಿ ಶೆಟ್ಟರ ಗೊಂಬೆ. ಅದರ ಚೀಟಿಯನ್ನು ಆಗ ಮೊದಲ ಸಲ ಓದಿದೆ. "ಹುಣಸೆಮರದ ವಠಾರ, ಆರು ಮನೆ" ಎಂದು ಬರೆದಿತ್ತು.

ಎಸ್ಎಸ್ಎಲ್‌ಸಿ ಮುಗಿಯುವವರೆಗೆ ಆ ಆರರಲ್ಲಿ ನಾಲ್ಕನೆಯ ಮನೆಯಲ್ಲಿ ನಾನಿದ್ದೆ. ಆ ಜಾಗದಲ್ಲಿ ಈಗ ಐದು ಮಹಡಿ ಎದ್ದಿದೆ. ದಿನಾ ಅದರ ಮುಂದೆಯೇ ಸ್ಕೂಟರಿನಲ್ಲಿ ಹೋಗುತ್ತೇನೆ, ಒಂದು ಸಲವೂ ನಿಂತಿರಲಿಲ್ಲ.

"ಸಿಕ್ಕಿದಾರೆ ಮೇಡಂ" ಎಂದೆ. "ನಾನೇ."

ವಾಣಿಯವರು ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕೆ ನಿಂತರು. ಗೊಂಬೆ ಎತ್ತಿಕೊಂಡೆ. ಮಲಗಿಸಿದರೆ ದುಂಡು ಹೊಟ್ಟೆಯ ಶೆಟ್ಟರು ಉರುಳುತ್ತಾರೆ! ಕೊನೆಗೆ ಲೆನ್ಸ್ ಒರೆಸುವ ನನ್ನ ಹಳದಿ ಬಟ್ಟೆಯನ್ನು ಮಡಿಸಿ ಬೆನ್ನಿಗೆ ಒತ್ತು ಕೊಟ್ಟೆ. ಕಣ್ಣೊರೆಸಿಕೊಂಡು ಕ್ಯಾಮೆರಾ ಹತ್ತಿರ ಬಂದೆ. ಅಂದು ತೆಗೆದಷ್ಟು ಮನಸ್ಸಿಟ್ಟು ಯಾವ ಮದುವೆಯಲ್ಲೂ ಫೋಟೋ ತೆಗೆದಿಲ್ಲ.

ಐದಕ್ಕೆ ಏಳು ನಿಮಿಷ ಇದೆ ಎನ್ನುವಾಗ ಫೋಟೋಗಳು ಹೋದವು. ಭಜನೆಯ ಹೆಂಗಸರು ಆಗಲೇ ಚಾಪೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಿಂಗಳ ಮೇಲೆ ವಾಣಿಯವರ ಫೋನು: "ಸೆಲೆಕ್ಟ್ ಆಯ್ತು ಸರ್!" ನಾನು ಸ್ಟುಡಿಯೋದಲ್ಲೇ ಕುಣಿದುಬಿಟ್ಟೆ.

ಈಗ ವಾಣಿಯವರ ಗೆಳೆಯರು, ಅವರ ಗೆಳೆಯರು ಎಂದು ಇಂಥ ಕೆಲಸ ಆಗಾಗ ಬರುತ್ತದೆ. ಎಲ್ಲೇ ಹೋದರೂ ಕಲಾಕೃತಿ ಮಾಡಿದವರು ಬರುವವರೆಗೆ ಕೈಕಟ್ಟಿಕೊಂಡು ನಿಂತಿರುತ್ತೇನೆ. ಆ ದಿನದ ಫೋಟೋವನ್ನು ದೊಡ್ಡದು ಮಾಡಿಸಿ ಸ್ಟುಡಿಯೋದಲ್ಲಿ ಹಾಕಿದ್ದೇನೆ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಯಾರಾದರೂ ಅದನ್ನು ನೋಡಿ ಕೇಳುತ್ತಾರೆ: "ಏನ್ ಸಾರ್, ಇಷ್ಟೊಂದು ಗೊಂಬೆ ಬಿದ್ದಿವೆ. ಎತ್ತಿ ನಿಲ್ಲಿಸಿ ತೆಗೀಬಾರ್ದಿತ್ತಾ?"

"ನಿಲ್ಲಿಸಿದ್ದೆ ಸ್ವಾಮಿ" ಎನ್ನುತ್ತೇನೆ. "ಒಂದೆರಡು ಗಂಟೆ ಎಲ್ಲಾ ಮನೆಗಳೂ ನಿಂತಿದ್ವು."