ನಿಯಮ ಬರೆದ ಭಾವ, ಅಡುಗೆಮನೆಯ ಮೂರು ಡಬ್ಬಿ

ನನ್ನ ಗಂಡನ ಅಣ್ಣ ಇಪ್ಪತ್ತೆರಡು ವರ್ಷಗಳಿಂದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದಾರೆ. ಈಗ ಅದರ ಮುಖ್ಯಸ್ಥರು. ಫೈಬರ್ ತೊಟ್ಟಿ, ಫೈಬರ್ ಹಾಳೆ ಮಾಡುವ ಕಾರ್ಖಾನೆ ಅದು. ಅದಕ್ಕೆ ಬೇಕಾದ ರೆಸಿನ್ ಸರಿಯಿದೆಯೇ ಎಂದು ನೋಡುವುದು ಭಾವನವರ ಕೆಲಸ. ಇಷ್ಟು ವರ್ಷಗಳಲ್ಲಿ ಅವರು ಕಲಿತದ್ದು ಎಷ್ಟೋ ಗೊತ್ತಿಲ್ಲ, ಗೋಡೆಗೆ ಅಂಟಿಸಿದ್ದಂತೂ ಬಹಳ. "ಹೆಸರು ಬರೆಯದ ಡಬ್ಬಿ ಇಡಬಾರದು." "ಒರೆಸಿದ ಹತ್ತಿಯನ್ನು ಮುಚ್ಚಳವಿರುವ ತಗಡಿನ ಬುಟ್ಟಿಗೇ ಹಾಕಬೇಕು." "ಇಲ್ಲಿ ತಿನ್ನುವುದು, ಕುಡಿಯುವುದು ನಿಷೇಧ." ಎಲ್ಲವೂ ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ಕೆಳಗೆ ಸಹಿ ಸಮೇತ. ಆ ಕೊನೆಯ ಚೀಟಿಯ ಕೆಳಗೆ ಕುರ್ಚಿ ಹಾಕಿಕೊಂಡೇ ಅವರು ದಿನಕ್ಕೆ ನಾಲ್ಕು ಸಲ ಟೀ ಕುಡಿಯುತ್ತಿದ್ದರು.

ಇದನ್ನೆಲ್ಲ ನಾನು ಕಣ್ಣಾರೆ ಕಂಡವಳು. ಮದುವೆಗೆ ಮೊದಲು ಎರಡು ವರ್ಷ, ಆಮೇಲೂ ಕೆಲಕಾಲ ಅದೇ ಪ್ರಯೋಗಾಲಯದಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದ್ದೆ. ತಮ್ಮನಿಗೆ ನನ್ನನ್ನು ತೋರಿಸಿದವರೂ ಅವರೇ. ಅವರಿಗೆ ಮಾತ್ರ ಮದುವೆಯಾಗಲಿಲ್ಲ. ಯಾರೂ ಇವನಿಗೆ ಹಿಡಿಸಲಿಲ್ಲ ಅನ್ನುತ್ತಾರೆ ನಮ್ಮತ್ತೆ. ಇವನು ಯಾರಿಗೂ ಹಿಡಿಸಲಿಲ್ಲ ಅನ್ನುತ್ತಾನೆ ನನ್ನ ಗಂಡ.

ಸುಳ್ಳು ಹೇಳಬಾರದು, ಕೆಲಸ ಕಲಿಸಿದ್ದೂ ಅವರೇ. ರೆಸಿನ್ ಎಂದರೆ ಜೇನಿನಷ್ಟು ಮಂದವಾದ ದ್ರವ, ಕಿಡಿ ಕಂಡರೆ ಸಾಕು ಹತ್ತಿಕೊಳ್ಳುವ ಜಾತಿ. ಅದನ್ನು ಗಟ್ಟಿ ಮಾಡಲು ಎರಡು ಔಷಧಿ: ನೇರಳೆ ಬಣ್ಣದ ಕೋಬಾಲ್ಟ್, ನೀರಿನಂತೆ ಕಾಣುವ ಪೆರಾಕ್ಸೈಡ್. ಮೊದಲು ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಬೇಕು, ಆಮೇಲೆ ಅಳತೆ ಮಾಡಿ ಪೆರಾಕ್ಸೈಡ್. ಆ ಎರಡೇ ನೇರವಾಗಿ ಸೇರಿದರೆ ಭಗ್ಗೆನ್ನುತ್ತದೆ. ಅದಕ್ಕೇ ಒಂದು ಈ ಕೋಣೆಯಲ್ಲಿ, ಇನ್ನೊಂದು ಆ ಕೋಣೆಯಲ್ಲಿ. "ಇವೆರಡನ್ನೂ ಒಂದೇ ಕಪಾಟಲ್ಲಿ ಇಟ್ಟೋರನ್ನ ಅವತ್ತೇ ಮನೆಗೆ ಕಳಿಸ್ತೀನಿ," ಎಂದು ಮೊದಲ ದಿನವೇ ನನ್ನನ್ನು ಹೆದರಿಸಿದ್ದರು. ನಾನು ಹೆದರಿದೆ. ಈಗಲೂ ಹೆದರುತ್ತೇನೆ. ಅವರು ಕಲಿಸಿದ್ದರಲ್ಲಿ ಅದೇ ಒಳ್ಳೆಯ ಪಾಠ.

ಬಸುರಿಯಾದಾಗ ಆ ವಾಸನೆ ತಡೆಯಲಾರದೆ ಕೆಲಸ ಬಿಟ್ಟೆ. "ಇಷ್ಟಕ್ಕೆಲ್ಲ ಓಡಿ ಹೋಗ್ತೀಯಾ? ನಂಗಂತೂ ವಾಸನೆನೇ ಬರಲ್ಲ," ಎಂದರು ಭಾವ, ಏನೋ ಪದಕ ಗೆದ್ದವರ ಹಾಗೆ. ಕಾವಲುಗಾರನೊಬ್ಬ ತನಗೆ ಕಿವಿ ಕೇಳಿಸುವುದಿಲ್ಲ ಎಂದು ಜಂಭ ಕೊಚ್ಚಿಕೊಂಡಂತಿತ್ತು.

ಈ ವರ್ಷ ನಮ್ಮ ಮನೆಯ ಮಾಳಿಗೆಯ ಮೇಲಿನ ನೀರಿನ ತೊಟ್ಟಿ ಬಿರುಕು ಬಿಟ್ಟಿತು. ನಲ್ಲಿ ರಿಪೇರಿಯವನು ಬಂದು ನೋಡಿ, ಹೊಸದು ಹಾಕಿಸಿ ಎಂದ. ಭಾವ ಮೂಗಿನಲ್ಲೇ ನಕ್ಕರು. ಮಂಗಳವಾರ ಸಂಜೆ ಪ್ರಯೋಗಾಲಯದಿಂದ ಒಂದು ಬಟ್ಟೆಯ ಚೀಲ ಹೊತ್ತು ತಂದರು. ಪೇಂಟಿನ ಹಳೇ ಡಬ್ಬಿಯಲ್ಲಿ ರೆಸಿನ್. ಕೆಮ್ಮಿನ ಔಷಧಿಯ ಸೀಸೆಯಲ್ಲಿ ಕೋಬಾಲ್ಟ್. ಕುಡಿಯುವ ನೀರಿನ ಬಾಟಲಿಯಲ್ಲಿ ಪೆರಾಕ್ಸೈಡ್. ಒಂದರ ಮೇಲೂ ಹೆಸರಿಲ್ಲ. ಮೂರನ್ನೂ ಒಯ್ದು ಅಡುಗೆಮನೆಯ ಕೆಳಗಿನ ಕಪಾಟಿನಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕಕ್ಕೆ ಒತ್ತಿ ಇಟ್ಟರು. ನನ್ನ ಮಗನಿಗೆ ಆಗ ಹತ್ತು ತಿಂಗಳು. ಅಂಬೆಗಾಲಿಟ್ಟು ಹೋಗಿ ಮನೆಯಲ್ಲಿ ಅವನು ತೆರೆಯದ ಬಾಗಿಲಿಲ್ಲ, ಬಾಯಿಗೆ ಹಾಕದ ವಸ್ತುವಿಲ್ಲ.

"ಭಾವ, ಮೂರೂ ಒಟ್ಟಿಗೆ ಇಟ್ಟಿದ್ದೀರಲ್ಲ?"

"ಮುಚ್ಚಳ ಇದೆಯಲ್ಲಮ್ಮ. ಭಾನುವಾರ ತೊಟ್ಟಿಗೆ ಹಚ್ತೀನಿ, ಮುಗೀತು."

"ಲ್ಯಾಬಲ್ಲಿ ಹೀಗಿಟ್ಟರೆ ಮನೆಗೆ ಕಳಿಸ್ತೀನಿ ಅಂತಿದ್ರಿ."

"ಅದು ಲ್ಯಾಬು. ಅಲ್ಲಿರೋರೆಲ್ಲ ದಡ್ಡರು, ಅವರಿಗೆ ನಿಯಮ ಬೇಕು. ನಿಯಮ ಬರೆದೋನಿಗೇ ನಿಯಮ ಹೇಳ್ತೀಯಲ್ಲ."

ಅತ್ತೆ ಒಳಗಿನಿಂದ ಬಂದರು. "ಇಪ್ಪತ್ತೆರಡು ವರ್ಷ ಅದರಲ್ಲೇ ಬೆಂದಿರೋನಿಗೆ ನೀನು ಪಾಠ ಮಾಡ್ತೀಯೇನೇ?"

"ಇನ್ನೂ ಬೆಂದಿಲ್ಲ ಅತ್ತೆ. ಅದೇ ನನ್ನ ಚಿಂತೆ."

ಗಂಡನದು ಊರೂರು ಸುತ್ತುವ ಮಾರಾಟದ ಕೆಲಸ. ಫೋನ್ ಮಾಡಿದರೆ, "ಅಣ್ಣಂಗೆ ಗೊತ್ತಿರುತ್ತೆ ಬಿಡೆ," ಎಂದು ಕೈ ತೊಳೆದುಕೊಂಡ. ಪೆರಾಕ್ಸೈಡನ್ನು ನಾನೇ ಹಿತ್ತಲಲ್ಲಿ ನೆರಳಿರುವ, ಮಗುವಿಗೆ ಎಟುಕದ ಗೂಡಿಗೆ ಸಾಗಿಸಿದೆ. ಬುಧವಾರ ಬೆಳಿಗ್ಗೆ ನೋಡಿದರೆ ಮತ್ತೆ ಕಪಾಟಿನಲ್ಲೇ ಇದೆ. "ನನ್ನ ಸಾಮಾನು ಮುಟ್ಟಬೇಡ," ಎಂದರು ಭಾವ. ಸರಿ, ನಿಮ್ಮದು ಮುಟ್ಟುವುದಿಲ್ಲ ಎಂದುಕೊಂಡೆ. ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ಮಗುವಿನ ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟೆ. ಕಪಾಟಿನ ಹಿಡಿಗೆ ಹಳೇ ಸೀರೆಯ ಅಂಚು ಹರಿದು ಮೂರು ಗಂಟು ಹಾಕಿದೆ.

"ಆ ಡಬ್ಬಿಗಳು ಹೊರಗೆ ಹೋಗೋವರೆಗೆ ಈ ಮನೇಲಿ ಒಲೆ ಹತ್ತಲ್ಲ," ಎಂದೆ.

ಅತ್ತೆ ಎದೆ ಬಡಿದುಕೊಳ್ಳುವುದೊಂದು ಬಾಕಿ. ಮಗುವಿಗೆ ಪಕ್ಕದ ಮನೆಯಲ್ಲಿ ಬೇಯಿಸಿಕೊಂಡು ಬಂದೆ. ದೊಡ್ಡವರಿಗೆ ಬ್ರೆಡ್ಡು, ಬಾಳೆಹಣ್ಣು. ಭಾವ ಬುಧವಾರ ಬೆಳಗಿನ ಟೀ ಇಲ್ಲದೆ ಹೋದರು, ಸಂಜೆಯ ಟೀ ಇಲ್ಲದೆ ಕೂತರು. ಮನೆಮಂದಿಯ ಜೀವದ ಪ್ರಶ್ನೆಗೆ ಜಗ್ಗದ ಮನುಷ್ಯ ಎರಡು ಲೋಟ ಟೀಗೆ ಜಗ್ಗಿದರು. ಗುರುವಾರ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, "ಬಾ ಹಿತ್ತಲಿಗೆ. ಇದು ಎಷ್ಟು ಸಾಧು ಅಂತ ತೋರಿಸ್ತೀನಿ. ಆಮೇಲೆ ತೆಪ್ಪಗೆ ಟೀ ಮಾಡಬೇಕು," ಎಂದರು.

ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೊಂದು ಪ್ಲಾಸ್ಟಿಕ್ ಲೋಟ. ಲೋಟದ ತುಂಬ ರೆಸಿನ್ ಸುರಿದರು. ಪರೀಕ್ಷೆಗೆ ಅದರ ಕಾಲು ಭಾಗವೂ ಬೇಡ. ಆಳವಾದ ಲೋಟದಲ್ಲಿ ಹೆಚ್ಚು ಹಾಕಿದಷ್ಟೂ ಅದು ತನ್ನ ಕಾವಿನಲ್ಲೇ ತಾನು ಕಾಯುತ್ತದೆ. ಕೋಬಾಲ್ಟನ್ನು ಕಣ್ಣಂದಾಜಿನಲ್ಲಿ ಹಾಕಿ ನಮ್ಮನೆಯ ಒಳ್ಳೆಯ ಚಮಚದಲ್ಲಿ ಕಲಸಿದರು. ಪೆರಾಕ್ಸೈಡನ್ನು ಬಾಟಲಿಯ ಮುಚ್ಚಳದ ತುಂಬ ಎರೆದರು. ಕನ್ನಡಕವಿಲ್ಲ, ಕೈಗವಸಿಲ್ಲ. ಕೈಯನ್ನು ಹತ್ತಿಯಲ್ಲಿ ಒರೆಸಿಕೊಂಡು, ಆ ಹತ್ತಿಯನ್ನು ರದ್ದಿ ಕಾಗದದ ಬುಟ್ಟಿಗೆ ಎಸೆದರು.

"ಹೆಚ್ಚಾಯ್ತು ಭಾವ, ಅಲ್ಲಿಂದ ಈಚೆಗೆ ಬನ್ನಿ."

"ನೋಡಮ್ಮ, ಹೆದರಿಕೆ ಅನ್ನೋದು ಅರ್ಧ ಕಲಿತೋರ ರೋಗ..." ಎಂದು ಸ್ಟೂಲಿಗೆ ಬೆನ್ನು ಹಾಕಿ ಭಾಷಣ ಶುರು ಮಾಡಿದರು.

ನಾನು ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಸರಿದೆ. ಐದು ನಿಮಿಷವಾಗಿರಬಹುದು. ಲೋಟದ ಅಂಚು ಬಾಗಿತು. ಒಳಗಿದ್ದದ್ದು ಕಂದು ಬಣ್ಣಕ್ಕೆ ತಿರುಗಿ ಚಟಚಟ ಎಂದಿತು. ವಾಸನೆ ಬಾಗಿಲವರೆಗೆ ಬಂದು ನನ್ನ ಕಣ್ಣು ಉರಿಸಿತು. ಒಂದು ಮಾರು ದೂರದಲ್ಲಿದ್ದ ಭಾವನಿಗೆ ಗೊತ್ತೇ ಇಲ್ಲ.

"ಲೋ, ನಿನ್ನ ಹಿಂದೆ ಹೊಗೆ ಕಣೋ!" ಎಂದು ಅತ್ತೆ ಕೂಗಿದರು.

ನಿಯಮ ಬರೆದವರು ತಿರುಗಿ ಏನು ಮಾಡಿದರು? ಲೋಟವನ್ನು ಬರಿಗೈಯಲ್ಲಿ ಹಿಡಿದರು. ಹಿಡಿದ ಮರುಗಳಿಗೆ ಅಯ್ಯಯ್ಯೋ ಎಂದು ಬಿಟ್ಟರು. ಅದು ಕಾಲೊರೆಸುವ ಚಾಪೆಯ ಮೇಲೆ ಬಿತ್ತು, ಚಾಪೆ ಕಪ್ಪಾಗತೊಡಗಿತು.

ಮಗುವನ್ನು ಅತ್ತೆಯ ತೋಳಿಗೆ ಹಾಕಿ ಬೀದಿಗೆ ಹೋಗಿ ಎಂದೆ. ಉಸಿರು ಬಿಗಿಹಿಡಿದು, ಉದ್ದ ಹಿಡಿಯ ಸಲಿಕೆಯಿಂದ ಚಾಪೆ, ಲೋಟ ಎರಡನ್ನೂ ಗೋಡೆಯಿಂದ ದೂರ ಬರಿ ನೆಲಕ್ಕೆ ತಳ್ಳಿದೆ. ಹೂಕುಂಡದ ಒಣ ಮಣ್ಣನ್ನೆಲ್ಲ ಅದರ ಮೇಲೆ ಸುರಿದೆ. ಬುಟ್ಟಿಯಲ್ಲಿದ್ದ ಹತ್ತಿಯನ್ನು ಇಕ್ಕಳದಲ್ಲಿ ಹಿಡಿದು ನೀರಿನ ಬಕೆಟ್ಟಿಗೆ ಮುಳುಗಿಸಿದೆ. ಆಮೇಲೆ ಭಾವನ ಮೊಣಕೈ ಹಿಡಿದು ನಲ್ಲಿಯ ಕೆಳಗೆ ನಿಲ್ಲಿಸಿದೆ. ಎರಡು ನಿಮಿಷಕ್ಕೇ ಕೈ ಎಳೆದುಕೊಳ್ಳಲು ನೋಡಿದರು.

"ಇಪ್ಪತ್ತು ನಿಮಿಷ. ನಿಮ್ಮದೇ ಅಕ್ಷರ ಭಾವ, ಲ್ಯಾಬಿನ ಸಿಂಕಿನ ಮೇಲಿದೆ."

"ರೆಸಿನ್ ಹಳೇದು," ಎಂದರು ಅವರು. ಎರಡು ಬೆರಳು ಬೊಬ್ಬೆ ಎದ್ದಿದ್ದವು, ಬಾಯಿ ಮಾತ್ರ ಎಂದಿನಂತೆ. "ಬಿಸಿಲು ಬೇರೆ. ಇದನ್ನೇ ದೊಡ್ಡದು ಮಾಡಬೇಡ."

ಅತ್ತೆ ಬೀದಿಯಿಂದಲೇ ಕೂಗಿದರು: "ಅದು ಮನೆ ಬಿಡೋವರೆಗೆ ನಾನು ಒಳಗೆ ಬರಲ್ಲ!"

"ನಾಳೆ ಬಸ್ಸಲ್ಲಿ ತಗೊಂಡು ಹೋಗ್ತೀನಿ ಬಿಡಮ್ಮ."

"ಬಸ್ಸಲ್ಲಾ? ಅದರಲ್ಲೂ ಮಕ್ಕಳಿರ್ತಾರೆ ಭಾವ," ಎಂದು ನಾನು ಫೋನ್ ಎತ್ತಿಕೊಂಡೆ.

"ಯಾರಿಗೆ? ಸ್ಟೋರಿನವಳಿಗಾ? ಬೇಡ ಕಣಮ್ಮ, ನನ್ನ ಮರ್ಯಾದೆ..." ಅವರ ಧ್ವನಿ ಮೊದಲ ಸಲ ಇಳಿದಿತ್ತು. ಒಂದು ಕ್ಷಣ ಪಾಪ ಎನ್ನಿಸಿತು. ಒಂದೇ ಕ್ಷಣ. ಫೋನ್ ಮಾಡಿದೆ.

ಸ್ಟೋರ್ ಅಕ್ಕ ಎಂದರೆ ಪ್ರಯೋಗಾಲಯದ ಉಗ್ರಾಣ ನೋಡಿಕೊಳ್ಳುವವರು. ಎಂಟನೆಯ ತರಗತಿ ಓದಿದ್ದಾರೆ, ಒಂದು ಚೀಟಿಯನ್ನೂ ಅಂಟಿಸಿದವರಲ್ಲ. ಮುಕ್ಕಾಲು ಗಂಟೆಯಲ್ಲಿ ಕಾರ್ಖಾನೆಯ ಎರಡು ಗಾಡಿಗಳು ಬಂದು ನಿಂತವು. "ಎರಡು ಯಾಕೆ?" ಎಂದು ಅತ್ತೆ ಕೇಳಿದರು. "ಅವೆರಡು ಒಂದೇ ಗಾಡೀಲಿ ಕೂರಲ್ಲ ದೊಡ್ಡಮ್ಮ, ಜಗಳಗಂಟಿ ಸವತಿಯರು," ಎಂದು ಅಕ್ಕ ನಕ್ಕರು. ಕನ್ನಡಕ ಹಾಕಿಕೊಂಡು, ಕೈಗವಸು ತೊಟ್ಟು, ಮೊದಲು ಪ್ರತಿಯೊಂದರ ಮೇಲೂ ಹೆಸರು ಬರೆದರು. ರೆಸಿನ್, ಕೋಬಾಲ್ಟ್ ಮುಂದಿನ ಗಾಡಿಗೆ. ಪೆರಾಕ್ಸೈಡ್ ಬಾಟಲಿಯನ್ನು ತಂಪಿನ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ ಹಿಂದಿನದಕ್ಕೆ. ತಣ್ಣಗಾದ ಗಡ್ಡೆಯನ್ನೂ ತಗಡಿನ ಬುಟ್ಟಿಗೆ ಹಾಕಿಕೊಂಡರು. ಆಮೇಲೆ ಉಗ್ರಾಣದ ಲೆಕ್ಕದ ಪುಸ್ತಕ ತೆಗೆದರು.

"ಹುದ್ದೆ ಏನು ಸಾರ್?" ಹನ್ನೊಂದು ವರ್ಷದಿಂದ ದಿನಾ ನೋಡುವ ಮನುಷ್ಯನನ್ನು ಕೇಳಿದರು.

"ಗೊತ್ತಿಲ್ವಾ ನಿಂಗೆ?"

"ನೀವೇ ಹೇಳಿಕೊಟ್ಟಿದ್ದು ಸಾರ್, ಕೇಳಿಯೇ ಬರೀಬೇಕು ಅಂತ."

"...ಮುಖ್ಯಸ್ಥ."

"ಹೊರಗೆ ಒಯ್ದ ಕಾರಣ?"

ಭಾವ ಮಾಳಿಗೆಯತ್ತ ನೋಡಿದರು, ತಾಯಿಯತ್ತ ನೋಡಿದರು. "ಮನೆ ಕೆಲಸ," ಎಂದರು. ಅಕ್ಕ ಹಾಗೇ ಬರೆದುಕೊಂಡರು. ಬಲಗೈಗೆ ಬಟ್ಟೆ ಸುತ್ತಿದ್ದರಿಂದ ಭಾವ ಎಡಗೈಯಲ್ಲಿ ಸಹಿ ಹಾಕಿದರು.

ಗಾಡಿಗಳು ತಿರುವು ದಾಟಿದ ಮೇಲೆ ಕಿಟಕಿಗಳನ್ನೆಲ್ಲ ತೆರೆದು, ಕಪಾಟನ್ನು ಮೂರು ಸಲ ಸೋಪಿನ ನೀರಿನಲ್ಲಿ ಒರೆಸಿ, ಆಮೇಲಷ್ಟೇ ರೆಗ್ಯುಲೇಟರ್ ಸಿಕ್ಕಿಸಿದೆ. ಟೀ ಮಾಡಿಕೊಟ್ಟೆ. ಭಾವ ಎಡಗೈಯಲ್ಲಿ ಲೋಟ ಹಿಡಿದು ಕುಡಿದರು.

ಶನಿವಾರ ಅವರ ತಂಗಿ ಫೋನ್ ಮಾಡಿದ್ದಳು. ನಾನು ಪಕ್ಕದಲ್ಲೇ ಮಗುವಿನ ಬಟ್ಟೆ ಮಡಚುತ್ತಿದ್ದೆ. "ಅಯ್ಯೋ, ತೊಟ್ಟಿ ರಿಪೇರಿಗೆ ಅಂತ ತಂದಿದ್ದೆ ಕಣೆ," ಎನ್ನುತ್ತಿದ್ದರು ಭಾವ, ಕಾಲ ಮೇಲೆ ಕಾಲು ಹಾಕಿಕೊಂಡು. "ಆಮೇಲೆ ಯೋಚನೆ ಮಾಡಿ ನಾನೇ ವಾಪಸ್ ಕಳಿಸಿಬಿಟ್ಟೆ. ಅಂಥವನ್ನೆಲ್ಲ ಮಗು ಇರೋ ಮನೇಲಿ ಇಡಬಾರದು."

ಮಡಚುವುದನ್ನು ನಾನು ನಿಲ್ಲಿಸಲಿಲ್ಲ. ಸುಳ್ಳಿನ ಬಾಲಕ್ಕೆ ಅಂಟಿಕೊಂಡಾದರೂ ಸರಿ, ಆ ಬಾಯಿಂದ ಒಂದು ನಿಜ ಹೊರಗೆ ಬಂದಿತ್ತು.